ಸಂಶೋಧನೆಯ ಹಣ ಯಾರ ಕಾಯಿಲೆಗೆ?

1898ರಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಬಂದದ್ದು ರೈಲಿನಲ್ಲಿ. ಆ ಹಳಿ ನಮ್ಮ ಹಾಸನ ಜಿಲ್ಲೆಯ ಅರಸೀಕೆರೆಯನ್ನು ಹಾದೇ ಹೋಗುತ್ತದೆ. ಆಮೇಲಿನ ವರ್ಷಗಳಲ್ಲಿ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇಲಿ ಬಿತ್ತೆಂದರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ವೈದ್ಯ ಸಂಶೋಧನೆಗೆ ಸರ್ಕಾರದ ಹಣವನ್ನು ಒಂದು ವ್ಯವಸ್ಥೆಯ ಮೂಲಕ ಹಂಚುವ ಪದ್ಧತಿ ನಮ್ಮಲ್ಲಿ ಶುರುವಾದದ್ದೂ ಆ ಕಾಲದಲ್ಲೇ. 1911ರ ನವೆಂಬರ್ 15ರಂದು ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಶನ್ನಿನ ಆಡಳಿತ ಮಂಡಳಿ ಮೊದಲ ಸಭೆ ಸೇರಿದ್ದು ಬೊಂಬಾಯಿಯ ಪ್ಲೇಗ್ ಪ್ರಯೋಗಾಲಯದಲ್ಲಿ. ಸ್ವಾತಂತ್ರ್ಯದ ನಂತರ, 1949ರಲ್ಲಿ, ಅದೇ ಸಂಸ್ಥೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್ ಆಯಿತು.

ಹಣ ಕೊಡುವ ತೀರ್ಮಾನ ಎಷ್ಟು ಮುಂಚೆ ಆಗಬೇಕು ಎಂಬುದಕ್ಕೆ ನಮ್ಮ ಮಲೆನಾಡೇ ಸಾಕ್ಷಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ವೈರಸ್ಸನ್ನು ಬೇಗನೆ ಗುರುತಿಸಲು ಆದದ್ದು ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಇದ್ದುದರಿಂದ. ಐಸಿಎಂಆರ್ ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ ಅದನ್ನು ತೆರೆದದ್ದು 1952ರಲ್ಲಿ. ಮಂಗನ ಕಾಯಿಲೆಯ ಹೆಸರನ್ನೇ ಯಾರೂ ಕೇಳಿರದ ಕಾಲದಲ್ಲಿ ಮಂಜೂರಾದ ಹಣ ಐದು ವರ್ಷದ ಮೇಲೆ ನಮ್ಮ ಕಾಡಂಚಿನ ಜನರ ನೆರವಿಗೆ ಬಂತು.

ಇವತ್ತು ಅನುದಾನಕ್ಕೆ ಎರಡು ದಾರಿ. ಒಂದರಲ್ಲಿ ಸಂಶೋಧಕರೇ ಪ್ರಶ್ನೆ ಹೊತ್ತು ಹೋಗುತ್ತಾರೆ. ಮೊದಲು ಚಿಕ್ಕ ಟಿಪ್ಪಣಿ ಕಳಿಸಬೇಕು. ಅದು ದಾಟಿದರೆ ಪೂರ್ಣ ಪ್ರಸ್ತಾವನೆ. ಅದೇ ವಿಷಯದಲ್ಲಿ ಪಳಗಿದ ಹೊರಗಿನ ತಜ್ಞರು ಅದನ್ನು ಓದುತ್ತಾರೆ: ಪ್ರಶ್ನೆ ಹೊಸದೇ, ವಿಧಾನ ಗಟ್ಟಿಯೇ, ಈ ತಂಡದ ಕೈಯಲ್ಲಿ ಆದೀತೇ, ಕೇಳಿದ ದುಡ್ಡು ನ್ಯಾಯವೇ, ಜನರಿಗೆ ಉಪಯೋಗವೇನು? ಅರ್ಜಿದಾರರ ಸಂಸ್ಥೆಯವರೇ ಸಮಿತಿಯಲ್ಲಿದ್ದರೆ ಆ ಹೊತ್ತಿಗೆ ಅವರು ಹೊರಗಿರಬೇಕು. ರೋಗಿಗಳನ್ನು ಒಳಗೊಂಡ ಅಧ್ಯಯನವಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಎರಡನೆಯ ದಾರಿಯಲ್ಲಿ ಹಣ ಕೊಡುವ ಸಂಸ್ಥೆಯೇ ಪ್ರಶ್ನೆ ಎತ್ತಿ, ಹಲವು ಕೇಂದ್ರಗಳನ್ನು ಕೂಡಿಸಿ ಉತ್ತರ ಹುಡುಕಿಸುತ್ತದೆ.

ತಜ್ಞರ ಮಾತೇ ಕೊನೆಯೇ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, 1946ರಿಂದ ಈ ಕ್ರಮವನ್ನು ಬೆಳೆಸಿಕೊಂಡು ಬಂದಿದೆ. ಅಲ್ಲಿ ಒಂದು ತಂಡ 1ರಿಂದ 9ರವರೆಗೆ ಅಂಕ ಕೊಡುತ್ತದೆ, 1 ಅತ್ಯುತ್ತಮ. ಆಮೇಲೆ ಸಲಹಾ ಮಂಡಳಿಯ ಇನ್ನೊಂದು ಸುತ್ತು. ಅಷ್ಟು ಹಳೆಯ, ಅಷ್ಟು ಎಚ್ಚರದ ಪದ್ಧತಿಯನ್ನೂ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಪರೀಕ್ಷೆಗೆ ಒಡ್ಡಿದರು. 25 ಅರ್ಜಿಗಳನ್ನು 43 ತಜ್ಞರಿಗೆ ಹಂಚಿ ಓದಿಸಿದರು. ಒಂದೇ ಅರ್ಜಿಯ ಬಗ್ಗೆ ತಜ್ಞರ ನಡುವೆ ಒಮ್ಮತವೇ ಇರಲಿಲ್ಲವೆಂದು 2018ರಲ್ಲಿ ಪ್ರಕಟವಾಯಿತು. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿಯಂತೂ 2013ರಿಂದ ಒಂದು ಬಗೆಯ ಅನುದಾನಕ್ಕೆ, ಅರ್ಹವೆನಿಸಿದ ಅರ್ಜಿಗಳ ನಡುವೆ ಚೀಟಿ ಎತ್ತಿದಂತೆಯೇ ಆಯ್ಕೆ ಮಾಡುತ್ತಿದೆ. ನನಗೆ ಇದು ಪ್ರಾಮಾಣಿಕ ದಾರಿಯಾಗಿ ಕಾಣುತ್ತದೆ. ತೀರಾ ಹತ್ತಿರದ ಎರಡು ಅರ್ಜಿಗಳಲ್ಲಿ ಯಾವುದು ಮೇಲೆಂದು ಗೊತ್ತಾಗದಿದ್ದಾಗ ಗೊತ್ತಾದಂತೆ ತೋರಿಸಿಕೊಳ್ಳುವುದಕ್ಕಿಂತ ಅದು ಲೇಸು.

ಬೇಲೂರು, ಹಳೇಬೀಡಿನ ಶಾಸನಗಳಲ್ಲಿ ದತ್ತಿ ಕೊಟ್ಟವರು ಯಾರು, ಪಡೆದವರು ಯಾರು, ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬುದು ಕಲ್ಲಿನ ಮೇಲೆ ಬಯಲಲ್ಲಿದೆ. ನಮ್ಮ ಕಾಲದ ಅನುದಾನಗಳಲ್ಲಿ ಮಂಜೂರಾದ ಪಟ್ಟಿ ಸಿಕ್ಕೀತು. ಯಾವ ಪ್ರಶ್ನೆಗಳನ್ನು ಯಾಕೆ ಕೈಬಿಟ್ಟರು ಎಂಬುದು ತೆರಿಗೆ ಕಟ್ಟಿದವರಿಗೆ ಕಾಣುವುದಿಲ್ಲ. ಕಾಣಬೇಕು.

ಸಂಶೋಧನೆಯ ಈ ಪ್ರಶ್ನೆಗಳೆಲ್ಲ ನಮ್ಮ ಮನೆಬಾಗಿಲಿಗೆ ಬಂದದ್ದು 2025ರ ಮೇ, ಜೂನ್ ತಿಂಗಳಲ್ಲಿ. ಹಾಸನ ಜಿಲ್ಲೆಯಲ್ಲಿ ವಯಸ್ಸಿನ ಹುಡುಗರು ಕುಸಿದು ಸಾಯುತ್ತಿದ್ದಾರೆಂಬ ಸುದ್ದಿ ಹಬ್ಬಿತು. ಕೋವಿಡ್ ಲಸಿಕೆಯೇ ಕಾರಣವೆಂಬ ಮಾತೂ ಜೊತೆಗೆ ಹಬ್ಬಿತು. ಗಾಬರಿಗೊಂಡ ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಸರ್ಕಾರ ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. 24 ಸಾವುಗಳನ್ನು ಪರಿಶೀಲಿಸಿದ ಸಮಿತಿ, 20 ಹೃದಯಕ್ಕೆ ಸಂಬಂಧಿಸಿದವು, ಆದರೆ ಜಿಲ್ಲೆಯಲ್ಲಿ ಹೃದಯಾಘಾತ ಏಕಾಏಕಿ ಏರಿದ್ದಕ್ಕೆ ಆಧಾರವಿಲ್ಲ ಎಂದಿತು. ಆ ಇಪ್ಪತ್ತರಲ್ಲೂ ಎಲ್ಲವೂ ಖಚಿತವಲ್ಲ, ಹಲವು ‘ಸಂಭವನೀಯ’ ಮಾತ್ರ.

ಲಸಿಕೆಯ ಪ್ರಶ್ನೆಗೆ ಐಸಿಎಂಆರ್ ಎರಡನೆಯ ದಾರಿಯಲ್ಲಿ ಮೊದಲೇ ಉತ್ತರ ಹುಡುಕಿತ್ತು. 2023ರಲ್ಲಿ 47 ದೊಡ್ಡ ಆಸ್ಪತ್ರೆಗಳ ಮೂಲಕ, 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಬದುಕಿರುವವರೊಂದಿಗೆ ಹೋಲಿಸಿ ನೋಡಿದ ಅಧ್ಯಯನ ಅದು. ಲಸಿಕೆಯಿಂದ ಅಪಾಯ ಹೆಚ್ಚಿಲ್ಲ; ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು, ಸಾವಿಗೆ ಮುಂಚಿನ 48 ಗಂಟೆಯಲ್ಲಿ ವಿಪರೀತ ಕುಡಿತ ಅಥವಾ ವಿಪರೀತ ದೈಹಿಕ ಶ್ರಮ, ಇವು ಅಪಾಯ ಹೆಚ್ಚಿಸಿದ್ದವು. ಒಳ್ಳೆಯ ಕೆಲಸ. ಆದರೆ ಬೇಲೂರಿನ ಕಾಫಿ ತೋಟದ ಲೈನ್ ಮನೆಯಲ್ಲೋ ಅರಸೀಕೆರೆಯ ತೆಂಗಿನ ತೋಟದಲ್ಲೋ ರಾತ್ರಿ ಮಲಗಿದವರು ಬೆಳಗ್ಗೆ ಏಳದಿದ್ದರೆ, ಆ ಸಾವು ಯಾವ ಆಸ್ಪತ್ರೆಯ ದಾಖಲೆಗೂ ಸೇರುವುದಿಲ್ಲ. ‘ಹಾಸನದಲ್ಲಿ ಸಾವು ಹೆಚ್ಚಿವೆ’ ಎಂದು ಅರ್ಜಿ ಬರೆಯುವ ಸಂಶೋಧಕರನ್ನು ಅನುದಾನ ಸಮಿತಿ ಕೇಳುವ ಮೊದಲ ಪ್ರಶ್ನೆ, ಹಿಂದೆ ಎಷ್ಟಿದ್ದವು ಎಂಬುದು. ಅದಕ್ಕೆ ಉತ್ತರವಿಲ್ಲದ ಅರ್ಜಿ ಎಷ್ಟೇ ಕಳಕಳಿಯದಾದರೂ ದಾಟುವುದು ಕಷ್ಟ. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ವರದಿ ಮಾಡುವುದು, ಮರಣೋತ್ತರ ಪರೀಕ್ಷೆ ನಡೆಸುವುದು ಕಡ್ಡಾಯವೆಂದು 2025ರ ಜುಲೈಯಲ್ಲಿ ಸರ್ಕಾರ ಹೇಳಿದ್ದು ಈ ಕಾರಣಕ್ಕೇ ಮಹತ್ವದ್ದು.

ನಮ್ಮಿಂದಾಗುವ ಕೆಲಸವೂ ಇದೆ. ಮರಣವನ್ನು 21 ದಿನದೊಳಗೆ ನೋಂದಾಯಿಸಿ. ಮನೆಯಲ್ಲೇ ತೀರಿಕೊಂಡಿದ್ದರೆ ಕೊನೆಯ ಕಾಯಿಲೆಯಲ್ಲಿ ನೋಡಿಕೊಂಡ ವೈದ್ಯರಿಂದ ಕಾರಣದ ಪ್ರಮಾಣಪತ್ರ, ನಮೂನೆ 4ಎ, ಕೇಳಿ ಪಡೆಯಿರಿ. ಬರೀ ‘ಹೃದಯ ನಿಂತಿತು’ ಎಂದು ಬರೆದಿದ್ದರೆ, ಅದು ನಿಂತದ್ದು ಯಾವ ಕಾಯಿಲೆಯಿಂದ ಎಂಬುದನ್ನೂ ಬರೆಯುವಂತೆ ವೈದ್ಯರನ್ನು ಕೇಳಿ.