ವಿಜಯ ಹಜಾರೆಯವರನ್ನು ಮತ್ತೊಮ್ಮೆ ತೂಗಿ ನೋಡೋಣ

2025ನೆಯ ಇಸವಿ ಜನವರಿ 18ರಂದು, ನಮ್ಮ ವಡೋದರಾದ ಹಾಲೋಲ್ ರಸ್ತೆಯಲ್ಲಿರುವ ಕೋಟಂಬಿ ಮೈದಾನದಲ್ಲಿ, ಕರ್ನಾಟಕದ ಕ್ರಿಕೆಟ್ ತಂಡವು ವಿದರ್ಭವನ್ನು 36 ರನ್ನುಗಳಿಂದ ಸೋಲಿಸಿ ವಿಜಯ ಹಜಾರೆ ಪಾರಿತೋಷಕವನ್ನು ಐದನೆಯ ಬಾರಿ ಗೆದ್ದುದು ವಾಚಕರಿಗೆ ನೆನಪಿದ್ದೀತು. ಮರುದಿನ ವಾಚನಾಲಯದ ಮೇಜಿನ ಮೇಲೆ ಪತ್ರಿಕೆಯ ಆಟದ ಪುಟಕ್ಕಾಗಿ ಎಳೆದಾಟವೇ ನಡೆಯಿತು. ಆ ಗದ್ದಲದಲ್ಲಿ, ಊರು ಬಿಟ್ಟು ಬಂದು ಇನ್ನೂ ವರ್ಷ ತುಂಬದ ನಮ್ಮ ಹುಡುಗನೊಬ್ಬ, ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದ: “ಕಾಕಾ, ಈ ಹಜಾರೆ ಅಂದ್ರ ಯಾರ್ರೀ? ದಿಲ್ಲಿಯೊಳಗ ಉಪಾಸ ಕೂತಿದ್ರಲ್ಲ, ಅವರೇನ್ರಿ?”

“ಅಲ್ಲಪ್ಪಾ, ಅವರು ಬೇರೆ, ಇವರು ಬೇರೆ. ಇವರು ಇದೇ ಊರಾಗ ಇದ್ದವರು” ಎಂದರು ಹಿರಿಯರು. ಎಲ್ಲರೂ ನಕ್ಕರು. ಆದರೆ, ಇದೇ ಊರಿನಲ್ಲಿದ್ದ ಆ ಮನುಷ್ಯ ಮಾಡಿದ್ದೇನು ಎಂದು ಮುಂದೆ ಕೇಳಿದಾಗ ನಮ್ಮಲ್ಲಿ ಅನೇಕರು ಗಂಟಲು ಸರಿಮಾಡಿಕೊಂಡು ಸುಮ್ಮನಾಗಬೇಕಾಯಿತು. ಪಾರಿತೋಷಕದ ಹೆಸರು ಎಲ್ಲರ ಬಾಯಲ್ಲಿದೆ, ಮನುಷ್ಯ ಮಾತ್ರ ಯಾರಿಗೂ ಗೊತ್ತಿಲ್ಲ. ಈ ಲೇಖನವು ಆ ಹುಡುಗನ ಪ್ರಶ್ನೆಗೆ ನಾವು ತಡವಾಗಿ ಕೊಡುತ್ತಿರುವ ಉತ್ತರ.

ವಿಜಯ ಸ್ಯಾಮ್ಯುಯೆಲ್ ಹಜಾರೆ ಹುಟ್ಟಿದ್ದು 1915ರ ಮಾರ್ಚ್ 11ರಂದು, ಸಾಂಗ್ಲಿಯಲ್ಲಿ. ಸಾಂಗ್ಲಿ ನಮ್ಮ ಕನ್ನಡ ನಾಡಿನ ಗಡಿಯ ಊರು, ಆ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಇಂದಿಗೂ ಮನೆಮಾತು ಕನ್ನಡವಾದ ಹಳ್ಳಿಗಳಿವೆ. ಹಜಾರೆಯವರದು ಮರಾಠಿ ಕ್ರೈಸ್ತ ಮನೆತನ. ತಂದೆ ಶಾಲೆಯ ಮಾಸ್ತರರು, ಮನೆ ತುಂಬ ಮಕ್ಕಳು. ಹೊಟ್ಟೆಪಾಡಿಗಾಗಿ ನಾವೆಲ್ಲ ಊರು ಬಿಟ್ಟು ಬಂದಂತೆ ಅವರೂ ಬಂದವರೇ. 1939-40ರಲ್ಲಿ ಅವರು ಮಹಾರಾಷ್ಟ್ರದ ಪರವಾಗಿ ಆಡಿ, ಬರೋಡಾ ತಂಡದ ವಿರುದ್ಧ ಔಟಾಗದೆ 316 ರನ್ನು ಹೊಡೆದರು. ಭಾರತದ ನೆಲದಲ್ಲಿ ಭಾರತೀಯನೊಬ್ಬನು ಮುನ್ನೂರರ ಗಡಿ ದಾಟಿದ್ದು ಅದೇ ಮೊದಲು. ಯಾವ ಬರೋಡಾದ ಬೌಲರುಗಳನ್ನು ಅಂದು ಅಷ್ಟು ಗೋಳುಹೊಯ್ದುಕೊಂಡರೋ ಅದೇ ಬರೋಡಾ 1941ರಿಂದ ಅವರ ತಂಡವಾಯಿತು. ಆಗ ಇಲ್ಲಿ ಗಾಯಕವಾಡರ ಆಳಿಕೆ. ನಮ್ಮ ಮಕರಪುರದ ಅರಮನೆಯೂ ಆ ಅರಸುಮನೆತನದ್ದೇ. ಸುಮಾರು ಇಪ್ಪತ್ತು ವರ್ಷ ಅವರು ಬರೋಡಾಕ್ಕೆ ಆಡಿದರು. 2004ರ ಡಿಸೆಂಬರ್ 18ರಂದು ಕಣ್ಣುಮುಚ್ಚಿದ್ದೂ ಇದೇ ಊರಿನಲ್ಲಿ.

ಇನ್ನು ಅವರ ಲೆಕ್ಕ ನೋಡೋಣ. ಟೆಸ್ಟ್ ಪಂದ್ಯಗಳು 30, ರನ್ನುಗಳು 2192, ಶತಕಗಳು 7, ಸರಾಸರಿ 47.65. ಸರಾಸರಿಯೆಂದರೆ, ಹೊಡೆದ ಒಟ್ಟು ರನ್ನನ್ನು ಔಟಾದ ಸಲಗಳಿಂದ ಭಾಗಿಸಿದಾಗ ಬರುವ ಅಂಕಿ. ನಲವತ್ತು ದಾಟಿದರೆ ಒಳ್ಳೆಯ ಆಟಗಾರ, ಐವತ್ತನ್ನು ಮುಟ್ಟಿದರೆ ದೊಡ್ಡ ಆಟಗಾರ ಎಂದು ಸಾಮಾನ್ಯವಾಗಿ ಹೇಳುವುದುಂಟು. ಇಂದಿನವರು ನೂರಾರು ಟೆಸ್ಟ್ ಆಡಿ ಹತ್ತು ಸಾವಿರ ರನ್ನು ಕೂಡಿಸುವುದನ್ನು ಕಂಡ ಕಣ್ಣಿಗೆ 2192 ಎಂಬುದು ಚಿಲ್ಲರೆಯಂತೆ ತೋರಬಹುದು. ಆದರೆ ಪಗಾರದ ಮೊತ್ತವನ್ನು ಮಾತ್ರ ನೋಡಿ, ಎಷ್ಟು ದಿನ ಕೆಲಸ ಸಿಕ್ಕಿತು, ಎಂಥ ಯಂತ್ರದ ಮೇಲೆ ಸಿಕ್ಕಿತು ಎಂಬುದನ್ನು ಕೇಳದೆ ಇದ್ದರೆ ಅದು ನ್ಯಾಯವಾದೀತೆ? ಆದ್ದರಿಂದ ನಾವು ಮೂರು ಪ್ರಶ್ನೆಗಳನ್ನು ಕೇಳಿ ಈ ಲೆಕ್ಕವನ್ನು ಮತ್ತೆ ತೂಗಬೇಕು.

ಮೊದಲನೆಯದು: ಅವಕಾಶ ಎಷ್ಟಿತ್ತು? 1936ರ ಆಗಸ್ಟಿನ ಅನಂತರ 1946ರ ಜೂನ್‌ವರೆಗೆ ಭಾರತವು ಒಂದೇ ಒಂದು ಟೆಸ್ಟ್ ಪಂದ್ಯವನ್ನೂ ಆಡಲಿಲ್ಲ. ನಡುವೆ ಮಹಾಯುದ್ಧ ಬಂದಿತು. ಆ ಹತ್ತು ವರ್ಷಗಳೆಂದರೆ ಹಜಾರೆಯವರ 21ರಿಂದ 31ರ ವಯಸ್ಸು. ಆಟಗಾರನ ಕಣ್ಣೂ ಕಾಲೂ ಚುರುಕಾಗಿರುವ ಕಾಲ. ಅವರು ಮೊದಲ ಟೆಸ್ಟ್ ಆಡುವ ಹೊತ್ತಿಗೆ 31 ತುಂಬಿತ್ತು. 1953ರಲ್ಲಿ ಕೊನೆಯದೂ ಆಗಿಹೋಯಿತು. ಹಾಗಾದರೆ ಆ ಹತ್ತು ವರ್ಷ ಅವರು ಏನು ಮಾಡುತ್ತಿದ್ದರು? ದೇಶದೊಳಗೆ ಆಡುತ್ತಿದ್ದರು. ಒಟ್ಟು 238 ಮೊದಲ ದರ್ಜೆಯ ಪಂದ್ಯಗಳಲ್ಲಿ 18,740 ರನ್ನು, 60 ಶತಕ, ಸರಾಸರಿ 58.38. ಮೇಲಾಗಿ 595 ವಿಕೆಟ್ಟುಗಳು. ಬ್ಯಾಟು ಹಿಡಿದು ಹೆಸರಾದ ಮನುಷ್ಯ ಬೌಲಿಂಗಿನಲ್ಲಿಯೂ ಇಷ್ಟು ದುಡಿದಿದ್ದನ್ನು ಹೆಚ್ಚು ಜನ ಅರಿಯರು. 1947-48ರ ಆಸ್ಟ್ರೇಲಿಯಾ ಪ್ರವಾಸದಲ್ಲಿ, ಜಗತ್ತಿನ ಬೌಲರುಗಳೆಲ್ಲ ಹೆದರುತ್ತಿದ್ದ ಬ್ರಾಡ್ಮನ್ನರ ವಿಕೆಟ್ಟನ್ನು ಅವರು ಟೆಸ್ಟ್ ಪಂದ್ಯಗಳಲ್ಲಿ ಎರಡು ಸಲ ಉರುಳಿಸಿದರು.

ಎರಡನೆಯದು: ಜೊತೆಗೆ ಯಾರಿದ್ದರು? ಇದಕ್ಕೆ 1943ರ ಮುಂಬಯಿಯ ಪಂಚಕೋನ ಪಂದ್ಯಾವಳಿಯನ್ನು ನೋಡಬೇಕು. ಆಗ ಮುಂಬಯಿಯಲ್ಲಿ ಮತಗಳ ಮೇಲೆ ತಂಡ ಕಟ್ಟಿ ಆಡುತ್ತಿದ್ದರು: ಹಿಂದೂಗಳು, ಮುಸಲ್ಮಾನರು, ಪಾರ್ಸಿಗಳು, ಯುರೋಪಿಯನ್ನರು, ಮತ್ತು ಈ ನಾಲ್ವರಲ್ಲಿ ಸೇರದ ‘ಉಳಿದವರು’. ಕ್ರೈಸ್ತರಾದ ಹಜಾರೆ ಆಡಿದ್ದು ಉಳಿದವರ ತಂಡದಲ್ಲಿ. ಅಂತಿಮ ಪಂದ್ಯದಲ್ಲಿ ಹಿಂದೂಗಳು 5 ವಿಕೆಟ್ಟಿಗೆ 581 ರನ್ನು ಪೇರಿಸಿದರು. ಅದರಲ್ಲಿ ವಿಜಯ ಮರ್ಚೆಂಟರದೇ ಔಟಾಗದೆ 250. ಉಳಿದವರು ಮೊದಲು 133ಕ್ಕೆ ಉರುಳಿ, ಮತ್ತೆ ಕೂಡಲೆ ಆಡಬೇಕಾಯಿತು. ಆ ಎರಡನೆಯ ಸರದಿಯಲ್ಲಿ ತಂಡದ ಮೊತ್ತ 387. ಹಜಾರೆಯವರ ಪಾಲು 309! ಎಂದರೆ ನೂರಕ್ಕೆ ಎಂಬತ್ತರಷ್ಟು ಒಬ್ಬನದೇ ದುಡಿಮೆ. ಅವರ ತಮ್ಮ ವಿವೇಕ್ ಜೊತೆಗೆ ನಿಂತರು. ಅಣ್ಣತಮ್ಮಂದಿರು ಕೂಡಿ 300 ರನ್ನು ಸೇರಿಸಿದರು, ತಮ್ಮನ ಪಾಲು 21. ಆದರೂ ಪಂದ್ಯ ಹೋಯಿತು, ಒಂದು ಇನ್ನಿಂಗ್ಸ್ ಮತ್ತು 61 ರನ್ನಿನಿಂದ. ಫಲಿತಾಂಶದ ಪಟ್ಟಿಯಲ್ಲಿ ಉಳಿದದ್ದು ‘ಹಿಂದೂಗಳಿಗೆ ಜಯ’ ಎಂಬ ಒಂದೇ ಸಾಲು.

ಇದೇ ಕಥೆ 1948ರ ಜನವರಿಯಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಮತ್ತೆ ನಡೆಯಿತು. ಆಸ್ಟ್ರೇಲಿಯಾ 674. ಲಿಂಡ್ವಾಲ್, ಮಿಲ್ಲರ್ ಎಂಬ ಇಬ್ಬರು ಮಹಾವೇಗದ ಬೌಲರುಗಳು ಎದುರಿಗೆ. ಹಜಾರೆ ಮೊದಲ ಸರದಿಯಲ್ಲಿ 116 ಹೊಡೆದರು. ಫಡಕರರ ಜೊತೆಯಲ್ಲಿ 188 ರನ್ನು ಕೂಡಿಸಿದರು. ಭಾರತ 381ಕ್ಕೆ ಮುಗಿದು ಮತ್ತೆ ಆಡತೊಡಗಿದಾಗ, ಒಂದು ರನ್ನೂ ಬಾರದ ಮುಂಚೆಯೇ ಎರಡು ವಿಕೆಟ್ಟು ಹೋದವು. ದಣಿದ ಮೈಯಲ್ಲೇ ಹಜಾರೆ ಪುನಃ ನಿಂತು 145 ಹೊಡೆದರು. ತಂಡದ 277ರಲ್ಲಿ ಅರ್ಧಕ್ಕೂ ಮಿಕ್ಕಿ. ಒಂದೇ ಟೆಸ್ಟಿನ ಎರಡೂ ಸರದಿಯಲ್ಲಿ ಶತಕ ಹೊಡೆದ ಮೊದಲ ಭಾರತೀಯರು ಅವರು. ಪಂದ್ಯವೇನೋ ಇನ್ನಿಂಗ್ಸ್ ಮತ್ತು 16 ರನ್ನಿನಿಂದ ಸೋತಿತು. ಸ್ವಾತಂತ್ರ್ಯ ಬಂದು ಆಗ ಆರು ತಿಂಗಳೂ ಆಗಿರಲಿಲ್ಲ ಎಂಬುದನ್ನು ಮರೆಯಬಾರದು.

ಜೊತೆಗಾರ ಗಟ್ಟಿಯಾಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಸಾಕ್ಷಿ ನಮ್ಮ ಊರಿನಲ್ಲಿಯೇ ಇದೆ. 1947ರ ಮಾರ್ಚಿನಲ್ಲಿ ಬರೋಡಾದಲ್ಲಿ ನಡೆದ ರಣಜಿ ಅಂತಿಮ ಪಂದ್ಯದಲ್ಲಿ, ಹೋಳ್ಕರ್ ತಂಡದ ಮೇಲೆ, ಹಜಾರೆ (288) ಮತ್ತು ಗುಲ್ ಮಹಮ್ಮದ್ (319) ನಾಲ್ಕನೆಯ ವಿಕೆಟ್ಟಿಗೆ 577 ರನ್ನು ಕೂಡಿಸಿದರು. ಯಾವ ವಿಕೆಟ್ಟಿಗೇ ಆಗಲಿ, ಜಗತ್ತಿನಲ್ಲಿ ಅಷ್ಟು ದೊಡ್ಡ ಜೊತೆಯಾಟ 2006ರವರೆಗೆ ಬೇರೊಂದಿರಲಿಲ್ಲ. ಆ ವರ್ಷ ಶ್ರೀಲಂಕಾದ ಸಂಗಕ್ಕಾರ, ಜಯವರ್ಧನೆ 624 ಹೊಡೆದು ಅದನ್ನು ದಾಟಿದರು. ಅಂದು ಬರೋಡಾ ಗೆದ್ದದ್ದು ಇನ್ನಿಂಗ್ಸ್ ಮತ್ತು 409 ರನ್ನಿನಿಂದ. ಆಸರೆ ಸಿಕ್ಕಿದರೆ ಅವರು ಗೆಲ್ಲಿಸಬಲ್ಲವರೇ ಆಗಿದ್ದರು.

ಮೂರನೆಯದು: ನಾಯಕರಾಗಿ ಹೇಗಿದ್ದರು? ಅವರ ಮೇಲಿನ ಆಕ್ಷೇಪಣೆಗಳೆಲ್ಲ ಇಲ್ಲಿಯೇ ಇವೆ, ಅವುಗಳನ್ನು ಮುಚ್ಚಿಡುವುದು ನಮ್ಮ ಉದ್ದೇಶವಲ್ಲ. 1951ರಿಂದ 1953ರವರೆಗೆ 14 ಟೆಸ್ಟುಗಳಲ್ಲಿ ಅವರು ನಾಯಕರಾಗಿದ್ದರು. ಸ್ವಭಾವತಃ ಮೌನಿಗಳು, ಮೆತ್ತಗಿನವರು. ಎದುರಾಳಿಯನ್ನು ಮೇಲೆಬಿದ್ದು ಸೋಲಿಸುವ ಬದಲು ಸೋಲದಂತೆ ನೋಡಿಕೊಳ್ಳುವ ರೀತಿ ಅವರದು ಎಂದು ಬಲ್ಲವರು ಹೇಳುತ್ತಾರೆ. 1952ರಲ್ಲಿ ಇಂಗ್ಲೆಂಡಿಗೆ ಹೋದ ಅವರ ತಂಡ ನಾಲ್ಕು ಟೆಸ್ಟಿನಲ್ಲಿ ಮೂರನ್ನು ಸೋತಿತು. ಮ್ಯಾಂಚೆಸ್ಟರಿನಲ್ಲಿ ಒಂದೇ ದಿನ 58ಕ್ಕೂ 82ಕ್ಕೂ ಎರಡು ಸಲ ಉರುಳಿದ್ದೂ ನಿಜ. ಆದರೆ ಅದೇ ಪ್ರವಾಸದ ಲೀಡ್ಸ್ ಪಂದ್ಯವನ್ನೂ ಓದಬೇಕು. ಎರಡನೆಯ ಸರದಿಯಲ್ಲಿ ಭಾರತಕ್ಕೆ ಸೊನ್ನೆ ರನ್ನಿಗೆ ನಾಲ್ಕು ವಿಕೆಟ್ಟು ಹೋಗಿದ್ದವು. ಫಲಕದ ಮೇಲೆ ಅಂಥ ಅಂಕಿಯನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಆ ಹೊತ್ತಿನಲ್ಲಿ ನಿಂತು, ಮತ್ತೆ ಅದೇ ಫಡಕರರೊಡನೆ 105 ರನ್ನು ಕೂಡಿಸಿ ಮಾನ ಉಳಿಸಿದವರು ಈ ಮೆತ್ತಗಿನ ನಾಯಕರೇ.

ಮತ್ತೊಂದನ್ನೂ ಹೇಳಬೇಕು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಇಪ್ಪತ್ತು ವರ್ಷ, 24 ಪಂದ್ಯ ಕಳೆದರೂ ಒಂದು ಗೆಲುವಿರಲಿಲ್ಲ. 1949ರಲ್ಲಿ ಮುಂಬಯಿಯಲ್ಲಿ ವೆಸ್ಟ್ ಇಂಡೀಸ್ ಮೇಲೆ ಗೆಲ್ಲಲು 361 ಬೇಕಾಗಿದ್ದಾಗ, ಹಜಾರೆಯವರ 122ರ ಬಲದಿಂದ 355ರವರೆಗೆ ಬಂದು, ಹೊತ್ತು ಮುಗಿದು, ಆರೇ ರನ್ನಿನಲ್ಲಿ ಗೆಲುವು ತಪ್ಪಿತು. ಕೊನೆಗೆ 25ನೆಯ ಪಂದ್ಯದಲ್ಲಿ, 1952ರ ಫೆಬ್ರುವರಿ 10ರಂದು ಮದರಾಸಿನಲ್ಲಿ, ಇಂಗ್ಲೆಂಡನ್ನು ಇನ್ನಿಂಗ್ಸ್ ಮತ್ತು 8 ರನ್ನಿನಿಂದ ಸೋಲಿಸಿದಾಗ ನಾಯಕರಾಗಿದ್ದವರು ಹಜಾರೆ. ಅಲ್ಲಿ 12 ವಿಕೆಟ್ಟು ಕಿತ್ತವರು ವಿನೂ ಮಂಕಡ್, ಶತಕ ಹೊಡೆದವರು ಪಂಕಜ್ ರಾಯ್ ಮತ್ತು ಉಮ್ರಿಗರ್. ನಾಯಕರು ಆ ದಿನದ ವೀರರಲ್ಲದೆ ಇರಬಹುದು. ಆದರೆ ಬರಿಗೈಯಲ್ಲಿ ವರ್ಷಗಟ್ಟಲೆ ಮನೆಗೆ ಮರಳಿದ ತಂಡವನ್ನು ಆ ಬಾಗಿಲವರೆಗೆ ಹೊತ್ತು ತಂದವರಲ್ಲಿ ಅವರ ಹೆಗಲೇ ದೊಡ್ಡದು.

ಹೀಗೆ ತೂಗಿದಾಗ ನಮಗೆ ತಿಳಿದುಬರುವುದಿಷ್ಟು. ನಾಯಕನಾಗಿ ಅವರು ಸಾಧಾರಣರು. ಆಟಗಾರನಾಗಿ ಮಾತ್ರ, ಅವರ ಕಾಲದ ಭಾರತದಲ್ಲಿ ಅವರನ್ನು ಮೀರಿಸಿದವರನ್ನು ಹುಡುಕುವುದು ಕಷ್ಟ. ಸೋತ ತಂಡದಲ್ಲಿ ಆಡಿದ್ದರಿಂದ, ಹಾಗೂ ತಮ್ಮ ಬಗೆಗೆ ತಾವು ಮಾತನಾಡದ ಸ್ವಭಾವದಿಂದ, ಅವರ ಹೆಸರು ಹಿಂದೆ ಸರಿಯಿತು. ಗೌರವಗಳು ಬಾರದೆ ಇರಲಿಲ್ಲ: 1960ರಲ್ಲಿ ಜಸೂ ಪಟೇಲರೊಡನೆ ಪದ್ಮಶ್ರೀ ಪಡೆದ ಮೊದಲ ಕ್ರಿಕೆಟ್ ಆಟಗಾರರಾದರು, ಅನಂತರ ಪಾರಿತೋಷಕಕ್ಕೆ ಅವರ ಹೆಸರು ಬಂದಿತು. ಆದರೆ ಹೆಸರಿಟ್ಟುಬಿಟ್ಟರೆ ನೆನೆದಂತಾಯಿತು ಎಂದು ಭಾವಿಸುವುದೂ ಮರೆಯುವ ಒಂದು ವಿಧಾನವೇ ಸರಿ.

ನಾವು ಇದನ್ನು ಬರೆದದ್ದು ಕ್ರಿಕೆಟ್ಟಿನ ಮೋಹದಿಂದಷ್ಟೇ ಅಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ‘ಎಷ್ಟು ಗಳಿಸಿದೆಯಪ್ಪಾ?’ ಎಂದು ಕೇಳುವವರು ಬಹಳ, ‘ಹೇಗೆ ದುಡಿದೆ?’ ಎಂದು ಕೇಳುವವರು ವಿರಳ. ಕಾರಖಾನೆ ಮುಚ್ಚಿದರೆ ಅದರೊಳಗೆ ಇಪ್ಪತ್ತು ವರ್ಷ ಅಳತೆ ತಪ್ಪದೆ ಕಡೆದ ಟರ್ನರನ ಕೆಲಸವೂ, ಒಂದು ಪೈ ಹೆಚ್ಚುಕಡಿಮೆಯಾಗದಂತೆ ಲೆಕ್ಕ ಬರೆದ ಗುಮಾಸ್ತನ ಕೆಲಸವೂ ಸೋಲಿನ ಖಾತೆಗೆ ಸೇರಿಬಿಡುತ್ತವೆ. 387ರಲ್ಲಿ 309 ಹೊಡೆದು ಸೋತ ಮನುಷ್ಯನನ್ನು ಸರಿಯಾಗಿ ತೂಗಲು ಕಲಿತವನು, ತನ್ನ ಪಕ್ಕದ ಯಂತ್ರದ ಮೇಲೆ ನಿಂತವನನ್ನೂ ಸರಿಯಾಗಿ ತೂಗಿಯಾನು.

ಆ ಹುಡುಗನಿಗೆ ಈ ಸಂಚಿಕೆಯನ್ನು ನಾವೇ ಕೈಯಲ್ಲಿ ಕೊಡುವವರಿದ್ದೇವೆ. ಮುಂದಿನ ಸಲ ಕರ್ನಾಟಕವು ಆ ಪಾರಿತೋಷಕವನ್ನು ಗೆಲ್ಲಲಿ, ಬಿಡಲಿ. ಹಜಾರೆ ಯಾರೆಂದು ಯಾರಾದರೂ ಕೇಳಿದರೆ ನಮ್ಮ ವಾಚನಾಲಯದಲ್ಲಿ ಯಾರೂ ಗಂಟಲು ಸರಿಮಾಡಿಕೊಳ್ಳಬೇಕಾಗಿ ಬಾರದಿರಲಿ.