ಮನೆಯೊಳಗಿನ ಹೊಗೆ, ಮಕ್ಕಳ ಉಬ್ಬಸ

ಸಂಘದ ಕಾರ್ಯಕ್ರಮಗಳಲ್ಲಿ ನಾಲ್ಕು ಮಂದಿ ತಾಯಂದಿರು ಒಂದೆಡೆ ಸೇರಿದರೆ ಮಾತು ಬಹುಬೇಗ ಮಕ್ಕಳ ಆರೋಗ್ಯದತ್ತ ತಿರುಗುತ್ತದೆ. ಈ ಊರಿಗೆ ವರ್ಗವಾಗಿ ಬಂದಲ್ಲಿಂದ ಮಗನಿಗೆ ಸೀನು ನಿಂತಿಲ್ಲ, ಮಗಳಿಗೆ ರಾತ್ರಿ ಹೊತ್ತು ಕೆಮ್ಮು, ಹವೆ ಒಗ್ಗಲಿಲ್ಲ ಎಂಬ ದೂರು ಸಾಮಾನ್ಯ. ವಿಶಾಖಪಟ್ಟಣದವರು ಬಂದರಿನ ಕಲ್ಲಿದ್ದಲಿನ ದೂಳನ್ನೂ ಸಮುದ್ರದ ತೇವವನ್ನೂ ಬೈಯುತ್ತಾರೆ. ವಿಜಯವಾಡದವರು ಸೆಕೆಯನ್ನೂ ಹೆದ್ದಾರಿಯ ಲಾರಿಗಳ ಹೊಗೆಯನ್ನೂ ಬೈಯುತ್ತಾರೆ.

ದೂರಿನಲ್ಲಿ ಸತ್ಯವಿಲ್ಲದೆ ಇಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಲ್ಲಿ ಗಾಳಿಯ ಗುಣಮಟ್ಟ ಸುಧಾರಿಸಬೇಕಾದ ನಗರಗಳ ಪಟ್ಟಿಗೆ ಈ ಎರಡೂ ನಗರಗಳು ಸೇರಿದ್ದವು. ಆದರೆ ಬಂದರಿನ ದೂಳನ್ನು ನಾವು ನೀವು ತಡೆಯಲಾರೆವು. ತಡೆಯಬಹುದಾದ ಹೊಗೆಯೊಂದು ನಮ್ಮ ಮನೆಯೊಳಗೇ ಇದೆ. ಅದು ಸಿಗರೇಟು, ಬೀಡಿ, ಚುಟ್ಟಾಗಳ ಹೊಗೆ. ಅದರ ಬಗ್ಗೆ ಮಾತ್ರ ನಾವು ಸಾಮಾನ್ಯವಾಗಿ ಮಾತನಾಡುವುದಿಲ್ಲ.

ಊರಿನ ಹವೆ ಚೆನ್ನಾಗಿತ್ತೇ?

"ನಮ್ಮ ಬೆಂಗಳೂರಿನಲ್ಲಿ ಈ ತೊಂದರೆ ಇರಲಿಲ್ಲ" ಎನ್ನುವವರಿದ್ದಾರೆ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಸುಮಾರು 20,000 ಮಕ್ಕಳ ವಿವರಗಳನ್ನು ಆಧರಿಸಿ ಪ್ರಕಟಿಸಿದ ಅಂಕಿಗಳು ಬೇರೆಯೇ ಕಥೆ ಹೇಳುತ್ತವೆ. 1979ರಲ್ಲಿ ಉಬ್ಬಸವಿದ್ದ ಮಕ್ಕಳ ಪ್ರಮಾಣ ಶೇಕಡಾ 9 ಇದ್ದದ್ದು 1999ರ ವೇಳೆಗೆ ಶೇಕಡಾ 29.5ಕ್ಕೆ ಏರಿತ್ತು. ವಾಹನಗಳ ಹೊಗೆ, ಜನದಟ್ಟಣೆ ಎಲ್ಲವೂ ಇದರಲ್ಲಿ ಪಾಲುದಾರರು. ಊರು ಬಿಟ್ಟು ಬಂದದ್ದಕ್ಕೇ ಉಬ್ಬಸ ಬಂತು ಎನ್ನುವುದು ಅರ್ಧ ಸತ್ಯ ಮಾತ್ರ.

ಹೊಗೆ ಮಾಡುವ ಕೆಲಸ

ಅಲರ್ಜಿ ಎಂದರೆ ದೂಳಿನ ನುಸಿ, ಪರಾಗ, ಬೂಸ್ಟು, ಜಿರಲೆಯ ಕಣಗಳಂಥ ಸಾಮಾನ್ಯ ವಸ್ತುಗಳನ್ನು ದೇಹ ಶತ್ರುವೆಂದು ತಿಳಿದು ಹೋರಾಡುವುದು. ಈ ಹೋರಾಟ ಮೂಗಿನಲ್ಲಾದರೆ ಸೀನು ಮತ್ತು ನೆಗಡಿ, ಚರ್ಮದಲ್ಲಾದರೆ ಇಸುಬು. ಉಬ್ಬಸದಲ್ಲಿ ಶ್ವಾಸನಾಳಗಳು ಒಳಗೇ ಊದಿಕೊಂಡು, ಕಫ ತುಂಬಿ ಕಿರಿದಾಗುತ್ತವೆ. ಉಸಿರು ಬಿಡುವಾಗ ಪೀಪಿಯಂತೆ ಶಬ್ದ ಕೇಳುವುದು ಅದಕ್ಕೇ. ಮಕ್ಕಳ ಉಬ್ಬಸದಲ್ಲಿ ಅಲರ್ಜಿಯ ಪಾಲು ದೊಡ್ಡದು.

ತಂಬಾಕಿನ ಹೊಗೆ ಸಾಮಾನ್ಯ ಅರ್ಥದಲ್ಲಿ ಅಲರ್ಜಿ ವಸ್ತುವಲ್ಲ, ಅದು ಉರಿ ಹುಟ್ಟಿಸುವ ವಸ್ತು. ಶ್ವಾಸನಾಳದ ಒಳಮೈಯಲ್ಲಿ ಕಸವನ್ನು ಮೇಲಕ್ಕೆ ಗುಡಿಸುವ ಸೂಕ್ಷ್ಮ ರೋಮಗಳಿವೆ. ಹೊಗೆ ಅವುಗಳನ್ನು ಜಡಗೊಳಿಸುತ್ತದೆ, ಒಳಪದರವನ್ನು ಗಾಯಗೊಳಿಸುತ್ತದೆ, ಕಫವನ್ನು ಹೆಚ್ಚಿಸುತ್ತದೆ. ಗುಡಿಸುವವರಿಲ್ಲದ ಮನೆಯಂತೆ ದೂಳು, ನುಸಿ, ವೈರಾಣು ಎಲ್ಲವೂ ಅಲ್ಲೇ ಉಳಿಯುತ್ತವೆ. ಮೊದಲೇ ಉಬ್ಬಸವಿದ್ದವರಿಗೆ ಪಕ್ಕದಲ್ಲಿ ಯಾರೋ ಸೇದಿದ ಒಂದೇ ಸಿಗರೇಟು ದಾಳಿ ಎಬ್ಬಿಸಲು ಸಾಕಾಗಬಹುದು.

"ಅಜ್ಜ ಬೀಡಿ ಸೇದಿಯೂ ಗಟ್ಟಿಯಾಗಿದ್ದರು"

ಈ ಮಾತನ್ನು ಕೇಳದ ಮನೆ ಇಲ್ಲ. ಇದಕ್ಕೆ ನೇರವಾಗಿಯೇ ಉತ್ತರ ಕೊಡಬೇಕು. ಧೂಮಪಾನ ಮಾಡುವ ವಯಸ್ಕರಲ್ಲಿ ಮೂಗಿನ ಅಲರ್ಜಿ ಹೆಚ್ಚು ಎಂದು ಅಧ್ಯಯನಗಳೇನೂ ಸ್ಪಷ್ಟವಾಗಿ ಹೇಳುವುದಿಲ್ಲ. 2014ರಲ್ಲಿ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸೇದುವ ವಯಸ್ಕರಲ್ಲಿ ಮೂಗಿನ ಅಲರ್ಜಿ ಹೆಚ್ಚಿರುವುದು ಕಂಡುಬರಲಿಲ್ಲ. ಆದರೆ ಪರರ ಹೊಗೆ ಕುಡಿಯುವವರಲ್ಲಿ ಅದು ಅಲ್ಪ ಪ್ರಮಾಣದಲ್ಲಿ ಹೆಚ್ಚಿತ್ತು. ಸೇದುವ ಹದಿಹರೆಯದವರಲ್ಲಿ ಇನ್ನೂ ಹೆಚ್ಚಿತ್ತು. 2017ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿ ಮಾಹಿತಿ ಆಧರಿಸಿದ ಇನ್ನೊಂದು ಅಧ್ಯಯನ, ಹೆಚ್ಚು ಸೇದುವುದು ಉಬ್ಬಸದ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಪರಾಗದ ಅಲರ್ಜಿಯನ್ನಲ್ಲ ಎಂಬ ತೀರ್ಮಾನಕ್ಕೆ ಬಂತು.

ಇನ್ನೊಂದು ಸಂಗತಿಯೂ ಇದೆ. ಚಿಕ್ಕಂದಿನಿಂದ ಉಸಿರಿನ ತೊಂದರೆ ಇದ್ದವರು ಬೀಡಿಯ ಹತ್ತಿರ ಹೋಗುವುದೇ ಕಡಿಮೆ, ಹೋದರೂ ಬೇಗ ಬಿಡುತ್ತಾರೆ. ಉಳಿದ ಸೇದುವವರ ಗುಂಪು ಹೀಗಾಗಿ ಗಟ್ಟಿಮುಟ್ಟಾಗಿ ಕಾಣುತ್ತದೆ. ಆದ್ದರಿಂದ ಅಜ್ಜನಿಗೆ ಏನೂ ಆಗಲಿಲ್ಲ ಎಂಬುದು ನಿಜವೇ ಇರಬಹುದು. ಕೇಳಬೇಕಾದ ಪ್ರಶ್ನೆ, ಅಜ್ಜನ ಪಕ್ಕದಲ್ಲಿ ಮಲಗುತ್ತಿದ್ದ ಮೊಮ್ಮಗುವಿಗೆ ಏನಾಯಿತು ಎಂಬುದು.

ಸೇದದವರ ಲೆಕ್ಕ

2012ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದರ ಪ್ರಕಾರ ಗರ್ಭದಲ್ಲಿರುವಾಗ ಅಥವಾ ಹುಟ್ಟಿದ ಮೇಲೆ ಹೊಗೆಗೆ ಒಡ್ಡಿಕೊಂಡ ಮಕ್ಕಳಲ್ಲಿ ಉಬ್ಬಸ, ಗೊರಗೊರ ಉಸಿರಿನ ಸಾಧ್ಯತೆ ಕನಿಷ್ಠ ಶೇಕಡಾ 20ರಷ್ಟು ಹೆಚ್ಚು. ನಮ್ಮ ದೇಶದ್ದೇ ಪುರಾವೆ ಬೇಕೆಂದರೆ ಬೆಂಗಳೂರು, ದೆಹಲಿ, ಚಂಡೀಗಢ ಮತ್ತು ಕಾನ್ಪುರಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಸಮೀಕ್ಷೆ ಇದೆ. ಒಮ್ಮೆಯೂ ಸೇದದ ವಯಸ್ಕರನ್ನೇ ಪ್ರತ್ಯೇಕವಾಗಿ ನೋಡಿದಾಗ, ಮನೆಯಲ್ಲಿ ಪರರ ಹೊಗೆ ಕುಡಿದವರಲ್ಲಿ ಉಬ್ಬಸ ಸುಮಾರು ಐದನೇ ಒಂದು ಪಾಲು ಹೆಚ್ಚಿತ್ತು. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇಕಡಾ 38.7ರಷ್ಟು ಮಂದಿ ಮನೆಯೊಳಗೇ ಈ ಹೊಗೆ ಕುಡಿಯುತ್ತಾರೆ. ಕಚೇರಿ, ಹೋಟೆಲುಗಳಿಗಿಂತ ಮನೆಯ ಪ್ರಮಾಣವೇ ಹೆಚ್ಚು.

"ನಾನು ಬಾಲ್ಕನಿಗೆ ಹೋಗಿ ಸೇದುತ್ತೇನೆ" ಎಂಬ ಸಮಾಧಾನ ಅಪಾರ್ಟ್‌ಮೆಂಟ್ ವಾಸಿಗಳಲ್ಲಿ ಸಾಮಾನ್ಯ. 2004ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಅಧ್ಯಯನವೊಂದರಲ್ಲಿ ಮಕ್ಕಳ ಮೂತ್ರದಲ್ಲಿ ನಿಕೋಟಿನ್‌ನ ಗುರುತನ್ನು ಅಳೆದು ನೋಡಿದರು. ಮನೆಯೊಳಗೆ ಸೇದುವವರ ಮಕ್ಕಳಲ್ಲಿ ಅದು ಸೇದದವರ ಮಕ್ಕಳಿಗಿಂತ ಸುಮಾರು 15 ಪಟ್ಟು ಇತ್ತು. ಹೊರಗೆ ನಿಂತು, ಬಾಗಿಲು ಮುಚ್ಚಿ ಸೇದಿದವರ ಮಕ್ಕಳಲ್ಲೂ ಎರಡು ಪಟ್ಟು ಇತ್ತು. ಅಂಗಿ, ಕೂದಲು, ಕೈಬೆರಳುಗಳಲ್ಲಿ ಹೊಗೆ ಒಳಗೆ ಬರುತ್ತದೆ. ಬಾಲ್ಕನಿ ಒಳ್ಳೆಯದೇ, ಸಾಲದು ಅಷ್ಟೇ.

ತಂಬಾಕಿನ ನಾಡಿನ ನಡುವೆ

ನಾವಿರುವುದೂ ನಾವು ಬಂದದ್ದೂ ತಂಬಾಕಿನ ನಾಡುಗಳೇ. ವಿಜಯವಾಡದ ನೆರೆಯ ಗುಂಟೂರಿನಲ್ಲಿ 1976ರಿಂದ ತಂಬಾಕು ಮಂಡಳಿಯ ಕೇಂದ್ರ ಕಚೇರಿ ಇದೆ. ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ಸಿಗರೇಟು ತಂಬಾಕೂ ಇದೇ ಮಂಡಳಿಯ ಹರಾಜಿಗೆ ಬರುತ್ತದೆ. ಮಂಗಳೂರಿನ ಕಡೆಯ ಎಷ್ಟೋ ಮನೆಗಳು ಬೀಡಿ ಕಟ್ಟಿ ಬದುಕಿವೆ. ಬೆಳೆಗಾರರನ್ನಾಗಲಿ ಬೀಡಿ ಕಟ್ಟುವ ತಾಯಂದಿರನ್ನಾಗಲಿ ದೂರಿ ಪ್ರಯೋಜನವಿಲ್ಲ. ಸೇದುವ ಕೈ ಯಾರದೆಂಬುದೇ ಇಲ್ಲಿಯ ವಿಷಯ.

ಉತ್ತರ ಕರಾವಳಿ ಆಂಧ್ರಕ್ಕೆ ಹೊಸದಾಗಿ ಬಂದ ಕನ್ನಡಿಗರು ಬೆರಗಾಗುವ ದೃಶ್ಯವೊಂದಿದೆ. ವಿಶಾಖಪಟ್ಟಣ, ಶ್ರೀಕಾಕುಳಂ ಕಡೆಯ ಹಳ್ಳಿಗಳಲ್ಲಿ ವಯಸ್ಸಾದ ಹೆಂಗಸರು ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುತ್ತಾರೆ. ತೆಲುಗಿನಲ್ಲಿ ಇದಕ್ಕೆ ಅಡ್ಡ ಪೊಗ ಎನ್ನುತ್ತಾರೆ. ಇಲ್ಲಿಯ 10,169 ಹಳ್ಳಿಗರನ್ನು ಪರೀಕ್ಷಿಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಭ್ಯಾಸಕ್ಕೂ ಅಂಗುಳಿನ ಹುಣ್ಣು, ಕ್ಯಾನ್ಸರ್‌ಗಳಿಗೂ ಇರುವ ನಂಟನ್ನು ಲೋಕಕ್ಕೆ ತಿಳಿಸಿತು. ಅದು ಬಾಯಿಯ ಕಥೆ. ಆದರೆ ಹೊಗೆ ಗಂಡಸರ ಚಟ ಮಾತ್ರ ಎಂಬ ನಮ್ಮ ಭಾವನೆಯನ್ನು ಅದು ತಿದ್ದುತ್ತದೆ. ಮಗುವನ್ನು ಮಡಿಲಲ್ಲಿಟ್ಟುಕೊಂಡು ನೋಡಿಕೊಳ್ಳುವ ಅಜ್ಜಿಯೋ ಆಯಾಳೋ ಚುಟ್ಟಾ ಸೇದುವವರಾದರೆ ಆ ಹೊಗೆ ಮೊದಲು ತಲುಪುವುದು ಮಗುವನ್ನೇ. ಮಗುವನ್ನು ಬೇರೆಯವರ ಬಳಿ ಬಿಡುವ ದಂಪತಿಗಳು ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಔಷಧಿಯೂ ಸೋಲುತ್ತದೆ

ಉಬ್ಬಸವಿದ್ದೂ ಸೇದುವವರಿಗೆ ಇನ್ನೊಂದು ನಷ್ಟವಿದೆ. ಶ್ವಾಸನಾಳದ ಊತವನ್ನು ಇಳಿಸುವ ಸ್ಟೀರಾಯ್ಡ್ ಇನ್‌ಹೇಲರ್ ಇವರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಔಷಧಿಯ ಖರ್ಚು ಅಷ್ಟೇ, ಫಲ ಕಡಿಮೆ. ಗ್ಲಾಸ್ಗೋ ನಗರದ ವೈದ್ಯರು 2006ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನದಲ್ಲಿ, ಸಿಗರೇಟು ಬಿಟ್ಟ ಉಬ್ಬಸ ರೋಗಿಗಳ ಶ್ವಾಸಕೋಶದ ಬಲ ಆರೇ ವಾರಗಳಲ್ಲಿ ಗಮನಾರ್ಹವಾಗಿ ಸುಧಾರಿಸಿತ್ತು. ಬಿಡಲು ತಡವಾಯಿತು ಎಂದುಕೊಂಡಿರುವವರು ಇದನ್ನು ನೆನಪಿಡಬೇಕು.

ಇನ್‌ಹೇಲರ್ ಒಮ್ಮೆ ಹಿಡಿದರೆ ಚಟವಾಗುತ್ತದೆ ಎಂಬ ಹೆದರಿಕೆ ನಮ್ಮವರಲ್ಲಿ ಇನ್ನೂ ಇದೆ. ಅದು ನಿಜವಲ್ಲ. ಚಟ ಹಿಡಿಸುವ ಗುಣ ಇರುವುದು ನಿಕೋಟಿನ್‌ಗೆ. ಮೃಗಶಿರಾ ಮಳೆ ನಕ್ಷತ್ರದ ದಿನ ಹೈದರಾಬಾದಿನಲ್ಲಿ ಬತ್ತಿನಿ ಕುಟುಂಬದವರು ಕೊಡುವ ಮೀನಿನ ಪ್ರಸಾದಕ್ಕೆ ಹೋಗುವವರೂ ಇದ್ದಾರೆ. ಅದರಿಂದ ಉಬ್ಬಸ ವಾಸಿಯಾಗುತ್ತದೆ ಎಂಬುದಕ್ಕೆ ವೈದ್ಯಕೀಯ ಪುರಾವೆ ಇಲ್ಲ. ಹೋಗುವವರು ಹೋಗಲಿ, ವೈದ್ಯರು ಬರೆದ ಇನ್‌ಹೇಲರನ್ನು ಮಾತ್ರ ನಿಲ್ಲಿಸಬಾರದು.

ಕಾನೂನು ಮನೆಯ ಹೊಸ್ತಿಲವರೆಗೆ

ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸುವ ಕಟ್ಟುನಿಟ್ಟಾದ ನಿಯಮಗಳು ದೇಶಾದ್ಯಂತ 2008ರ ಅಕ್ಟೋಬರ್ 2ರಂದು ಜಾರಿಗೆ ಬಂದವು. ಕರ್ನಾಟಕ 2025ರಲ್ಲಿ ತಿದ್ದುಪಡಿ ಜಾರಿಗೆ ತಂದು ದಂಡವನ್ನು 1,000 ರೂಪಾಯಿಗೆ ಏರಿಸಿತು, 21 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನು ನಿಷೇಧಿಸಿತು. ಇಂಥ ಕಾನೂನು ಮಕ್ಕಳಿಗೆ ನೆರವಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡ್ ಸಾಕ್ಷಿ. 2006ರ ಮಾರ್ಚ್‌ನಲ್ಲಿ ಅಲ್ಲಿ ನಿಷೇಧ ಬರುವ ಮುನ್ನ ಉಬ್ಬಸದಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ವರ್ಷಕ್ಕೆ ಶೇಕಡಾ 5.2ರಂತೆ ಏರುತ್ತಿತ್ತು. ಬಂದ ಮೇಲೆ ವರ್ಷಕ್ಕೆ ಶೇಕಡಾ 18.2ರಂತೆ ಇಳಿಯಿತು.

ಆದರೆ ಯಾವ ಕಾನೂನೂ ಮನೆಯ ಹೊಸ್ತಿಲು ದಾಟುವುದಿಲ್ಲ. ನಮ್ಮ ಮನೆಗಳಲ್ಲಿ ಹಿರಿಯರಿಗೆ ಎದುರಾಡುವ ಪದ್ಧತಿಯೂ ಇಲ್ಲ. ಊರಿನಿಂದ ಬಂದ ಮಾವನವರು ಹಜಾರದಲ್ಲಿ ಬೀಡಿ ಹಚ್ಚಿದರೆ ಸೊಸೆ ಮಗುವನ್ನು ಎತ್ತಿಕೊಂಡು ಒಳಗೆ ಹೋಗುತ್ತಾಳೆಯೇ ಹೊರತು ಬೇಡ ಎನ್ನಲಾರಳು. ಆ ಮಾತನ್ನು ಮಗ ಆಡಬೇಕು, ಅಥವಾ ಸೇದುವ ಹಿರಿಯರೇ ಅರ್ಥ ಮಾಡಿಕೊಳ್ಳಬೇಕು. ಮೊಮ್ಮಗುವಿಗೆ ಬೊಂಬೆ ತರುವ ಪ್ರೀತಿಯಷ್ಟೇ ಪ್ರೀತಿ ಇದಕ್ಕೂ ಸಾಕು.

ಸಂಘ ಏನು ಮಾಡಬಹುದು?

ರಾಜ್ಯೋತ್ಸವ, ಯುಗಾದಿ ಕೂಟಗಳ ಸಭಾಂಗಣದ ಬಾಗಿಲ ಬಳಿಯೂ ಸೇದಬಾರದೆಂದು ಆಮಂತ್ರಣದಲ್ಲೇ ಒಂದು ಸಾಲು ಅಚ್ಚು ಹಾಕಿಸಬಹುದು. ಅರಕು ಕಣಿವೆಗೋ ಭವಾನಿ ದ್ವೀಪಕ್ಕೋ ಪ್ರವಾಸ ಹೊರಟಾಗ ಮಕ್ಕಳಿರುವ ಬಸ್ಸಿನಲ್ಲಿ ಈ ನಿಯಮ ಕಡ್ಡಾಯವಾಗಲಿ. ವರ್ಷಕ್ಕೊಮ್ಮೆ ನಡೆಸುವ ಆರೋಗ್ಯ ಶಿಬಿರದಲ್ಲಿ ಸಕ್ಕರೆ, ರಕ್ತದೊತ್ತಡಗಳ ಜೊತೆ ಉಸಿರಿನ ಪರೀಕ್ಷೆಯನ್ನೂ ಸೇರಿಸಿದರೆ ಖರ್ಚು ಹೆಚ್ಚಾಗದು. ಮಗುವಿಗೆ ರಾತ್ರಿ ಕೆಮ್ಮು, ಓಡಿದರೆ ಏದುಸಿರು, ಪದೇ ಪದೇ ಗೊರಗೊರ ಉಸಿರು ಇದ್ದರೆ ನೆಗಡಿ ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ವಿಶಾಖಪಟ್ಟಣದಲ್ಲಿ ಸರ್ಕಾರಿ ಎದೆರೋಗಗಳ ಆಸ್ಪತ್ರೆಯೇ ಇದೆ.

ಬಿಡಬೇಕೆನ್ನುವವರಿಗೆ ಭಾಷೆಯ ತೊಡಕೂ ಇಲ್ಲ. 1800-11-2356 ರಾಷ್ಟ್ರೀಯ ತಂಬಾಕು ಮುಕ್ತಿ ಸಹಾಯವಾಣಿ, ಕರೆ ಉಚಿತ. ದಕ್ಷಿಣದ ಭಾಷೆಗಳ ಕರೆಗಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರ ತೆರೆಯಲಾಗಿದ್ದು, ಕನ್ನಡದಲ್ಲೇ ಮಾತನಾಡಬಹುದು. ಸಿಗರೇಟು ಪ್ಯಾಕಿನ ಮೇಲೂ ಇದೇ ಸಂಖ್ಯೆ ಅಚ್ಚಾಗಿರುತ್ತದೆ. ಮುಂದಿನ ಪ್ಯಾಕು ಕೊಳ್ಳುವ ಸದಸ್ಯರು ಅದನ್ನು ಬಿಚ್ಚುವ ಮೊದಲು ಆ ಸಂಖ್ಯೆಗೆ ಒಂದು ಕರೆ ಮಾಡಲಿ.