ಕೈತೋಟಕ್ಕೆ ಕಡಿಮೆ ಖರ್ಚಿನ ಬೆಳಕು

ಕೈತೋಟಕ್ಕೆ ಬೇಕಾಗುವ ಬೆಳಕು ಬಹಳ ಜನ ಎಣಿಸುವುದಕ್ಕಿಂತ ತೀರ ಕಡಿಮೆ. ಹುಣ್ಣಿಮೆಯ ಬೆಳದಿಂಗಳು ನೆಲಕ್ಕೆ ತರುವ ಬೆಳಕು ಹೆಚ್ಚೆಂದರೆ ಕಾಲು ಲಕ್ಸ್. ಅಷ್ಟರಲ್ಲೇ ಹಳ್ಳಿಯ ಜನ ಹೊಲದಿಂದ ಮನೆಗೆ ಎಡವದೆ ನಡೆದು ಬರುತ್ತಾರೆ. ಓದುವ ಮೇಜಿಗೆ 300 ಲಕ್ಸ್ ಬೇಕು, ಅಂಗಳದ ಕಾಲುದಾರಿಗೆ 5ರಿಂದ 10 ಲಕ್ಸ್ ಇದ್ದರೆ ಧಾರಾಳ. ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ ಹದಿನೈದು–ಇಪ್ಪತ್ತು ನಿಮಿಷ ಹಿಡಿಯುತ್ತದೆ. ನಡುವೆ ಒಂದು ಪ್ರಖರ ದೀಪ ಕಣ್ಣಿಗೆ ಹೊಡೆದರೆ ಆ ಹೊಂದಾಣಿಕೆ ಕ್ಷಣದಲ್ಲಿ ಕೆಟ್ಟು, ದೀಪದಾಚೆಯ ಜಾಗವೆಲ್ಲ ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಗೇಟಿನ ಕಂಬಕ್ಕೆ ದೊಡ್ಡ ಫ್ಲಡ್‌ಲೈಟ್ ಹಾಕಿಸಿದ ಮನೆಯಲ್ಲೂ ಮೆಟ್ಟಿಲ ಬದಿಯ ಚೇಳು ಕಣ್ಣಿಗೆ ಬೀಳದೆ ಹೋಗುವುದು ಇದರಿಂದಲೇ. ಉಳಿತಾಯದ ದೊಡ್ಡ ಪಾಲು ಸಿಗುವುದು ಬೆಳಕು ಎಲ್ಲಿ ಬೀಳಬೇಕು ಎಂದು ಗೊತ್ತುಮಾಡಿಕೊಂಡಾಗ. ಯಾವ ಬಲ್ಬು ಎಂಬುದು ಆಮೇಲಿನ ಮಾತು.

ರಾಯಚೂರಿನಂಥ ಊರಲ್ಲಿ ಅಂಗಳದ ಬೆಳಕು ಶೋಕಿಯ ವಸ್ತುವಲ್ಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಗಿಡಗಳಿಗೆ ನೀರುಣಿಸುವುದು, ಹೂ ಬಿಡಿಸುವುದು, ಕಟ್ಟೆಯ ಮೇಲೆ ಕೂತು ಮಾತಾಡುವುದು ಎಲ್ಲವೂ ಹೊತ್ತು ಮುಳುಗಿದ ಮೇಲೆಯೇ. ಹಾವು, ಚೇಳು ಕಲ್ಲುಸಂದಿಯಿಂದ ಹೊರಬರುವುದೂ ಆಗಲೇ. ದೇವದುರ್ಗ, ಮಾನ್ವಿ ಕಡೆಯ ಮನೆಗಳಲ್ಲಿ ಬಚ್ಚಲು ಹಿತ್ತಲ ತುದಿಯಲ್ಲಿರುವುದು ಸಾಮಾನ್ಯ. ಹಾಗಾಗಿ ಮೊದಲು ಬೆಳಕು ಬೇಕಾದ ಜಾಗಗಳು ನಾಲ್ಕೇ: ಮೆಟ್ಟಿಲು, ನಳದ ಸುತ್ತಮುತ್ತ, ಬಚ್ಚಲಿಗೆ ಹೋಗುವ ದಾರಿ, ಗೇಟಿನ ಚಿಲಕ. ತುಳಸಿ ಕಟ್ಟೆಗೆ ಸಂಜೆಯ ಹಣತೆಯೇ ಸಾಕು. ಮಿಕ್ಕ ತೋಟ ಕತ್ತಲಲ್ಲಿದ್ದರೆ ನಷ್ಟವೇನೂ ಇಲ್ಲ.

ಲೆಕ್ಕಕ್ಕೆ ಬಂದರೆ, ಈ ನಾಲ್ಕು ಕಡೆ ಹಳೆಯ 60 ವ್ಯಾಟಿನ ಬಲ್ಬು ಹಾಕಿ ದಿನಕ್ಕೆ ಐದು ತಾಸು ಉರಿಸಿದರೆ ತಿಂಗಳಿಗೆ 36 ಯೂನಿಟ್ ಹೋಗುತ್ತದೆ. ಅಷ್ಟೇ ಬೆಳಕು ಕೊಡುವ 7 ವ್ಯಾಟ್ ಆಸುಪಾಸಿನ ಎಲ್‌ಇಡಿಗೆ ತಿಂಗಳಿಗೆ 4 ಯೂನಿಟ್ ಸಾಕು. ತಂತಿ ಕಾಯಿಸಿ ಉರಿಯುವ ಹಳೆಯ ಬಲ್ಬು ಒಂದು ವ್ಯಾಟಿಗೆ 12–15 ಲ್ಯೂಮೆನ್ ಕೊಟ್ಟು ಉಳಿದದ್ದನ್ನು ಶಾಖವಾಗಿ ಚೆಲ್ಲುತ್ತಿತ್ತು; ಎಲ್‌ಇಡಿ ಅದೇ ವ್ಯಾಟಿಗೆ ನೂರರ ಸುಮಾರು ಕೊಡುತ್ತದೆ. ಬಿಳಿ ಎಲ್‌ಇಡಿಗೆ ದಾರಿ ಮಾಡಿಕೊಟ್ಟ ನೀಲಿ ಡಯೋಡನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಮರುವರ್ಷ ಕೇಂದ್ರದ ಉಜಾಲಾ ಯೋಜನೆ ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಲ್ಲಿ ಮನೆಮನೆಗೆ ಅಗ್ಗದ ಎಲ್‌ಇಡಿ ತಲುಪಿಸಿತು. ಈಗ ಕಿರಾಣಿ ಅಂಗಡಿಯಲ್ಲೂ ಅದು ಸಿಗುತ್ತದೆ. ಬೆಳಕನ್ನು ಮೊಣಕಾಲೆತ್ತರಕ್ಕೆ ಇಳಿಸಿ ಕೆಳಮುಖವಾಗಿ ಬೀಳುವಂತೆ ಮಾಡಿದರೆ 7 ವ್ಯಾಟೂ ಹೆಚ್ಚಾಗುತ್ತದೆ. 3 ವ್ಯಾಟಿನ ನಾಲ್ಕು ದೀಪಗಳಿಗೆ ತಿಂಗಳಿಗೆ 2 ಯೂನಿಟ್ ಕೂಡ ಬೇಡ.

ಗೃಹಜ್ಯೋತಿ ಬಂದ ಮೇಲೆ ಇಷ್ಟು ಲೆಕ್ಕ ಯಾಕೆ ಎಂದು ಕೆಲವರು ಕೇಳುವುದುಂಟು. 2023ರಲ್ಲಿ ಜಾರಿಗೆ ಬಂದ ಆ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಉಚಿತ ಯೂನಿಟ್ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚು ಬಳಸಿದರೆ ಹೆಚ್ಚಿನದಕ್ಕೆ ದುಡ್ಡು ಕೊಡಬೇಕು, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಕೂಲರು, ಫ್ಯಾನು ಹಗಲೂ ರಾತ್ರಿ ತಿರುಗುವ ಮನೆಗೆ ಆ ಗಡಿ ದೂರವೇನಿಲ್ಲ. ಸಂಜೆಯಿಂದ ಬೆಳಗಿನವರೆಗೆ ಉರಿಯುವ 50 ವ್ಯಾಟಿನ ಒಂದೇ ಒಂದು ಫ್ಲಡ್‌ಲೈಟ್ ತಿಂಗಳಿಗೆ 16 ಯೂನಿಟ್ ನುಂಗುತ್ತದೆ, ಮನೆಯನ್ನು ಗಡಿ ದಾಟಿಸಲು ಅಷ್ಟು ಸಾಕು. ರಾಯಚೂರಿನವರಿಗೆ ಇನ್ನೊಂದು ಕಾರಣವೂ ಇದೆ. ನಗರದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ಕಲ್ಲಿದ್ದಲು ಸುಡುತ್ತಿದೆ. ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಇಂಥ ಕೇಂದ್ರದಲ್ಲಿ ಒಂದು ಯೂನಿಟ್ಟಿಗೆ ಸುಮಾರು 600ರಿಂದ 700 ಗ್ರಾಂ ಕಲ್ಲಿದ್ದಲು ಬೇಕು. ಹಳೆಯ ನಾಲ್ಕು ಬಲ್ಬು ತೆಗೆದು ಸಣ್ಣ ಎಲ್‌ಇಡಿ ಹಾಕಿದ ಮನೆ ತಿಂಗಳಿಗೆ ಇಪ್ಪತ್ತು ಕಿಲೋ ಕಲ್ಲಿದ್ದಲು ಉಳಿಸಿದಂತೆ. ಅದರ ಬೂದಿ, ಹೊಗೆಯ ಉಪದ್ರವ ಮೊದಲು ತಟ್ಟುವುದು ಇದೇ ಜಿಲ್ಲೆಯ ಜನಕ್ಕೆ.

ವಿದ್ಯುತ್ತೇ ಬೇಡದ ಒಂದು ಉಪಾಯ ಈ ಭಾಗದಲ್ಲಿ ಮೊದಲಿನಿಂದಲೂ ಇದೆ: ಸುಣ್ಣ. ಅಂಗಳಕ್ಕೆ ಹಾಸುವ ಶಹಾಬಾದ್ ಕಲ್ಲು ಬೂದುಬಣ್ಣದ್ದು, ಎರೆಮಣ್ಣು ಕಪ್ಪು. ಎರಡೂ ಬಿದ್ದ ಬೆಳಕನ್ನು ಹೀರಿಕೊಳ್ಳುತ್ತವೆ. ದಾರಿಯ ಎರಡೂ ಅಂಚಿಗೆ ಗೇಣು ಎತ್ತರದ ಕಲ್ಲು ನಿಲ್ಲಿಸಿ ಸುಣ್ಣ ಬಳಿದರೆ, ಬೀಳುವ ಬೆಳಕಿನ ಮುಕ್ಕಾಲು ಪಾಲು ಹೀರಿಹೋಗದೆ ತಿರುಗಿ ಬರುತ್ತದೆ. ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲ ಬಿಳಿ ಪಟ್ಟೆ ಎಳೆದರೆ ವಯಸ್ಸಾದವರು ಮುಗ್ಗರಿಸುವುದು ತಪ್ಪುತ್ತದೆ. ದಾರಿಯ ಪಕ್ಕಕ್ಕೆ ನಂದಿಬಟ್ಟಲು, ಮಲ್ಲಿಗೆ, ಪಾರಿಜಾತದಂಥ ಬಿಳಿ ಹೂವಿನ ಗಿಡ ಹಾಕುವುದೂ ಒಳ್ಳೆಯದೇ, ಮಂದ ಬೆಳಕಲ್ಲೂ ಅವು ಎದ್ದು ಕಾಣುತ್ತವೆ. ವರ್ಷಕ್ಕೊಮ್ಮೆ ಯುಗಾದಿಗೋ ದೀಪಾವಳಿಗೋ ಮನೆಗೆ ಸುಣ್ಣ ಹೊಡೆಯುವಾಗ ಇದಕ್ಕೆ ಬೇರೆ ಖರ್ಚೂ ಬೀಳುವುದಿಲ್ಲ.

ದೀಪದ ಬಣ್ಣವನ್ನು ಅಂಗಡಿಯಲ್ಲಿ ಕೇಳಿ ನೋಡಿ ಕೊಳ್ಳಬೇಕು. ಡಬ್ಬಿಯ ಮೇಲೆ 6,500 ಕೆ ಎಂದಿದ್ದರೆ ಅದು ನೀಲಿ ಬೆರೆತ ಬಿಳಿ, 2,700 ಅಥವಾ 3,000 ಕೆ ಎಂದಿದ್ದರೆ ಹಳದಿ ಛಾಯೆಯದು. ಹುಳುಗಳ ಕಣ್ಣು ನೀಲಿ ಮತ್ತು ನೇರಳಾತೀತ ಬೆಳಕಿಗೆ ಬೇಗ ಸೋಲುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಅಕ್ಟೋಬರ್–ನವೆಂಬರ್‌ನಲ್ಲಿ ಭತ್ತದ ಗದ್ದೆಯಿಂದ ಏಳುವ ಜಿಗಿಹುಳುಗಳು ಬಿಳಿ ದೀಪಕ್ಕೆ ಮುತ್ತಿ ಅಂಗಳದಲ್ಲಿ ಊಟಕ್ಕೆ ಕೂರದಂತೆ ಮಾಡುತ್ತವೆ. ಹುಳುವಿನ ಹಿಂದೆ ಹಲ್ಲಿ, ಕಪ್ಪೆ ಬರುತ್ತವೆ, ಕಪ್ಪೆಯ ಹಿಂದೆ ಹಾವು. ಹಳದಿ ದೀಪವನ್ನು ಬಾಗಿಲಿಗೆ ಅಂಟಿಸದೆ ನಾಲ್ಕು ಮಾರು ದೂರದಲ್ಲಿ, ಗಿಡ್ಡ ಕಂಬದಲ್ಲಿ, ಮೇಲೆ ತಗಡಿನ ಮರೆ ಕೊಟ್ಟು ಇಟ್ಟರೆ ಈ ಕಾಟ ಅರ್ಧಕ್ಕರ್ಧ ಇಳಿಯುತ್ತದೆ.

ಸೌರ ದೀಪದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು, ಏಕೆಂದರೆ ಹೆಚ್ಚು ಮೋಸ ನಡೆಯುವುದು ಇಲ್ಲೇ. ರಾಯಚೂರು ಜಿಲ್ಲೆಗೆ ಬಿಸಿಲಿನ ಬರ ಇಲ್ಲ. ಒಂದು ಚದರ ಮೀಟರಿನ ಮೇಲೆ ದಿನಕ್ಕೆ ಸರಾಸರಿ ಐದು ಯೂನಿಟ್ಟಿನಷ್ಟು ಶಕ್ತಿ ಬೀಳುತ್ತದೆ. ಎಂದರೆ 2 ವ್ಯಾಟಿನ ಪುಟ್ಟ ಪ್ಯಾನೆಲ್ ದಿನಕ್ಕೆ 10 ವ್ಯಾಟ್-ತಾಸು ಗಳಿಸುತ್ತದೆ. ಶಾಖ, ದೂಳು, ಬ್ಯಾಟರಿಯ ನಷ್ಟ ಕಳೆದು ಆರು–ಏಳು ಉಳಿಯುತ್ತದೆ, ಅದರಿಂದ 1 ವ್ಯಾಟಿನ ದೀಪ ಆರು ತಾಸು ಉರಿಯುತ್ತದೆ. ಇದೇ ಗುಣಾಕಾರವನ್ನು ಅಂಗಡಿಯಲ್ಲಿ ಮಾಡಬೇಕು. ‘100 ವ್ಯಾಟ್ ಸೋಲಾರ್’ ಎಂದು ದಪ್ಪಕ್ಷರದಲ್ಲಿ ಬರೆದು, ಅಂಗೈ ಅಗಲದ 5 ವ್ಯಾಟಿನ ಪ್ಯಾನೆಲ್ ಕೊಡುವ ದೀಪಗಳು ಸಂತೆಯಲ್ಲೂ ಸಿಗುತ್ತವೆ. ಆ ಪ್ಯಾನೆಲ್ ದಿನವಿಡೀ ಗಳಿಸುವುದು 25 ವ್ಯಾಟ್-ತಾಸು. ದೀಪ ನಿಜವಾಗಿ 100 ವ್ಯಾಟಿನದಾಗಿದ್ದರೆ ಕಾಲು ತಾಸಿಗೆ ಆರಿಹೋಗಬೇಕು. ರಾತ್ರಿಯೆಲ್ಲ ಉರಿಯುತ್ತದೆ ಎಂದರೆ ಅದು ಎರಡು–ಮೂರು ವ್ಯಾಟಿನ ದೀಪ, ಬೆಲೆಯನ್ನೂ ಹಾಗೆಯೇ ತೂಗಿ ನೋಡಬೇಕು.

ನೆಲಕ್ಕೆ ಚುಚ್ಚುವ ಅಗ್ಗದ ಸೌರ ಕಡ್ಡಿದೀಪಗಳನ್ನು ಬಿಚ್ಚಿದರೆ ಒಳಗೆ ಪೆನ್ ಸೆಲ್ಲಿನ ಗಾತ್ರದ ಒಂದು ಬ್ಯಾಟರಿ, ಅದರ ಮೇಲೆ 1.2 ವೋಲ್ಟ್, 600 ಎಂಎಎಚ್ ಎಂಬ ಬರಹ ಕಾಣುತ್ತದೆ. ಗುಣಿಸಿದರೆ ಮುಕ್ಕಾಲು ವ್ಯಾಟ್-ತಾಸೂ ಆಗುವುದಿಲ್ಲ. ಅದರಿಂದ ದಾರಿಯ ಅಂಚು ಗುರುತು ಸಿಗುವಷ್ಟು ಬೆಳಕು ಬರುತ್ತದೆ, ಚೇಳು ಹುಡುಕುವಷ್ಟಲ್ಲ. ವರ್ಷ–ಒಂದೂವರೆ ವರ್ಷಕ್ಕೆ ಮಂಕಾದಾಗ ಇಡೀ ದೀಪವನ್ನೇ ಎಸೆಯುವವರು ಬಹಳ. ಅದೇ ಅಳತೆಯ ರೀಚಾರ್ಜ್ ಸೆಲ್ ಹಾಕಿದರೆ ಸಾಮಾನ್ಯವಾಗಿ ಮತ್ತೆ ಉರಿಯುತ್ತದೆ. ಕೊಳ್ಳುವಾಗಲೇ ಸ್ಕ್ರೂ ಬಿಚ್ಚಿ ಸೆಲ್ ಬದಲಿಸಲು ಬರುವಂಥದ್ದನ್ನು ಆರಿಸಬೇಕು.

ಪ್ಯಾನೆಲ್ ಬೇರೆ, ದೀಪ ಬೇರೆಯಾಗಿ ನಡುವೆ ವೈರ್ ಇರುವ ಬಗೆ ಈ ಊರುಗಳಿಗೆ ಹೆಚ್ಚು ಹೊಂದುತ್ತದೆ. ಅಂಗಳದಲ್ಲಿ ಬೇವಿನ ಮರ ಇದ್ದೇ ಇರುತ್ತದೆ, ಅದರ ನೆರಳಿಗೆ ಸಿಕ್ಕ ಪ್ಯಾನೆಲ್ ಏನೂ ಗಳಿಸದು. ಪ್ಯಾನೆಲ್ಲನ್ನು ಮಾಳಿಗೆಯ ಮೇಲೆ ದಕ್ಷಿಣಕ್ಕೆ ಮುಖ ಮಾಡಿ, ಅಕ್ಷಾಂಶಕ್ಕೆ ಸರಿಯಾಗಿ ಸುಮಾರು 16 ಡಿಗ್ರಿ ಓರೆಯಾಗಿ ಕೂರಿಸಿ, ದೀಪವನ್ನು ಬೇಕಾದಲ್ಲಿ ಇಡಬಹುದು. ಬ್ಯಾಟರಿಯನ್ನು ನೆರಳಲ್ಲಿಡುವುದು ಕಡ್ಡಾಯ, ಕಾದ ಮಾಳಿಗೆಯಲ್ಲಿ ಯಾವ ಬ್ಯಾಟರಿಯೂ ಬಾಳಿಕೆ ಬರುವುದಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬಗೆಯದು ಬೆಲೆ ಹೆಚ್ಚಾದರೂ ಶಾಖವನ್ನು ಉಳಿದವುಗಳಿಗಿಂತ ಚೆನ್ನಾಗಿ ತಾಳುತ್ತದೆ. ವಾರಕ್ಕೊಮ್ಮೆ ಪ್ಯಾನೆಲ್ಲಿನ ದೂಳು ಒರೆಸಬೇಕು, ಆದರೆ ಬೋರಿನ ಸವಳು ನೀರಿನಿಂದಲ್ಲ. ಅದು ಆರಿದ ಮೇಲೆ ಬಿಳಿ ಪೊರೆ ಕಟ್ಟಿ ದೂಳಿಗಿಂತ ಹೆಚ್ಚು ಬೆಳಕು ತಡೆಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಕೂಡಲೇ ಒಣ ಬಟ್ಟೆ ಆಡಿಸಿದರೆ ಆಯಿತು. ದೇವದುರ್ಗದ ಕಡೆ ದೊಡ್ಡಿ ಎನ್ನುವ ಪುಟ್ಟ ವಸತಿಗಳಲ್ಲಿ, ಊರಿಂದ ದೂರದ ಹೊಲದ ಮನೆಗಳಲ್ಲಿ ಕಂಬದ ಕರೆಂಟನ್ನು ನಂಬುವುದಕ್ಕಿಂತ ಇಂಥ ಪುಟ್ಟ ಸೌರ ಜೋಡಣೆಯೇ ಲೇಸು. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೊ ಸಂಸ್ಥೆ ಕರ್ನಾಟಕದ ಹಳ್ಳಿಗಳಿಗೆ ಮನೆಯ ಅಗತ್ಯ ನೋಡಿ ಸೌರ ದೀಪ ಕೊಟ್ಟು, ಆಮೇಲಿನ ರಿಪೇರಿಯನ್ನೂ ಮಾಡಿಕೊಡುವ ಪದ್ಧತಿ ತಂದಿತು. ಅದನ್ನು ಕಟ್ಟಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ರಿಪೇರಿಗೆ ಸಿಗುವ ಅಂಗಡಿಯಲ್ಲೇ ಕೊಳ್ಳುವುದು ಇಂದಿಗೂ ಸರಿಯಾದ ನಡೆ.

ಮನೆಯ ಕರೆಂಟಿನಿಂದಲೇ ದೀಪ ಉರಿಸುವುದಾದರೆ 12 ವೋಲ್ಟಿಗೆ ಇಳಿಸಿ ತೋಟಕ್ಕೆ ಒಯ್ಯುವುದು ಕ್ಷೇಮ. ಗುದ್ದಲಿ ತಾಗಿದರೂ, ಹೆಗ್ಗಣ ಕಡಿದರೂ ಪ್ರಾಣಕ್ಕೆ ಅಪಾಯವಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ವೋಲ್ಟ್ ಕಡಿಮೆಯಾದಷ್ಟೂ ವೈರು ದಪ್ಪವಿರಬೇಕು. 30 ವ್ಯಾಟಿನ ದೀಪಗಳಿಗೆ 20 ಮೀಟರ್ ದೂರಕ್ಕೆ 0.75 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆದರೆ 12ರಲ್ಲಿ 2 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಸೋರಿ ಕೊನೆಯ ದೀಪ ಮಂಕಾಗುತ್ತದೆ, 2.5 ಚದರ ಮಿಲಿಮೀಟರಿನದಾದರೆ ನಷ್ಟ ಮುಕ್ಕಾಲು ವೋಲ್ಟಿನೊಳಗೇ ಇರುತ್ತದೆ. 230 ವೋಲ್ಟನ್ನೇ ಒಯ್ಯಬೇಕಾದರೆ ಸರಿಯಾದ ಅರ್ಥಿಂಗ್, ಕರೆಂಟು ಸೋರಿದೊಡನೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು, ಮಳೆ ತಡೆಯುವ ಐಪಿ65 ದರ್ಜೆಯ ದೀಪ ಈ ಮೂರರಲ್ಲಿ ಒಂದನ್ನೂ ಬಿಡುವಂತಿಲ್ಲ. ಹಬ್ಬದ ಸೀರಿಯಲ್ ಸೆಟ್ಟನ್ನು ಒದ್ದೆ ಗಿಡಕ್ಕೆ ಸುತ್ತುವುದು ಮಕ್ಕಳಿರುವ ಮನೆಯಲ್ಲಿ ಖಂಡಿತ ಕೂಡದು.

ಎರೆಭೂಮಿ ಬೇರೆಯೇ ತೊಂದರೆ ಕೊಡುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟು, ಮಳೆ ಬಿದ್ದೊಡನೆ ಉಬ್ಬುವ ಈ ಮಣ್ಣು ಕಂಬವನ್ನು ವಾಲಿಸುತ್ತದೆ, ವೈರು ಹಾಯಿಸಿದ ಪೈಪಿನ ಕೂಡುಗಳನ್ನು ಎಳೆದು ಬಿಡಿಸುತ್ತದೆ. ಕಂಬದ ಬುಡಕ್ಕೆ ಎರಡಡಿ ಗುಂಡಿ ತೋಡಿ ಕಾಂಕ್ರೀಟ್ ತುಂಬುವುದು, ಪೈಪಿನ ಸುತ್ತ ನಾಲ್ಕು ಬೆರಳು ಮರಳು ಹಾಸುವುದು, ಕೂಡುಗಳನ್ನು ನೆಲದ ಮೇಲಿನ ಡಬ್ಬಿಯಲ್ಲೇ ಮಾಡುವುದು ಇದಕ್ಕೆ ಪರಿಹಾರ. ಮಸಾರಿ ನೆಲದಲ್ಲಿ ಇಷ್ಟು ಕಷ್ಟವಿಲ್ಲ.

ಉಳಿದ ಮಾತು ಸ್ವಿಚ್ಚಿನದು. ರಾಯಚೂರಿನಲ್ಲಿ ನವೆಂಬರ್‌ನಲ್ಲಿ ಐದೂ ಮುಕ್ಕಾಲಿಗೆ ಹೊತ್ತು ಮುಳುಗಿದರೆ ಜುಲೈ ಮೊದಲಲ್ಲಿ ಏಳು ಗಂಟೆಯವರೆಗೂ ಬೆಳಕಿರುತ್ತದೆ. ಹೀಗಾಗಿ ಬರೀ ಟೈಮರ್ ಹಾಕಿದರೆ ಆಗಾಗ ತಿರುಗಿಸುತ್ತಿರಬೇಕು. ಕತ್ತಲಾದಾಗ ತಾನೇ ಹೊತ್ತಿಸುವ ಸೆನ್ಸರ್, ರಾತ್ರಿ ಹತ್ತಕ್ಕೆ ಆರಿಸುವ ಟೈಮರ್ ಎರಡೂ ಸೇರಿದರೆ ಅನುಕೂಲ. ಗೇಟಿಗೆ, ಬಚ್ಚಲ ದಾರಿಗೆ ಮನುಷ್ಯರ ಸುಳಿವು ಸಿಕ್ಕಾಗ ಮಾತ್ರ ಹೊತ್ತುವ ಮೋಷನ್ ಸೆನ್ಸರ್ ಹಾಕಿದರೆ, ತಿಂಗಳಿಗೆ 16 ಯೂನಿಟ್ ನುಂಗುತ್ತಿದ್ದ ಅದೇ ಫ್ಲಡ್‌ಲೈಟ್ ದಿನಕ್ಕೆ ಅರ್ಧ ತಾಸು ಉರಿದು ಒಂದು ಯೂನಿಟ್ಟಿಗಿಂತ ಕಡಿಮೆಗೆ ಇಳಿಯುತ್ತದೆ. ಕಳ್ಳಕಾಕರ ಭಯಕ್ಕೂ ತಟ್ಟನೆ ಹೊತ್ತುವ ದೀಪವೇ ವಾಸಿ, ಮನೆಯವರ ಗಮನ ಕೂಡಲೇ ಅತ್ತ ಹರಿಯುತ್ತದೆ.

ದೀಪ ಆರಿಸುವುದು ಗಿಡಗಳಿಗೂ ಬೇಕು. ಸೇವಂತಿಗೆ ಮೊಗ್ಗು ಕಟ್ಟಲು ಉದ್ದನೆಯ ಕತ್ತಲು ಬೇಕು. ಹೂವನ್ನು ತಡವಾಗಿ ಕೊಯ್ಯಬಯಸುವ ಬೆಳೆಗಾರರು ಹೊಲದಲ್ಲಿ ಬಲ್ಬು ಉರಿಸುವುದೂ ಇದೇ ಗುಣವನ್ನು ನಂಬಿ. ರಾತ್ರಿಯಿಡೀ ದೀಪ ಬೀಳುವ ಗೋಡೆಯ ಪಕ್ಕದ ಸೇವಂತಿಗೆ ಸೊಂಪಾಗಿ ಎಲೆ ಬಿಟ್ಟು ಹೂ ಬಿಡದಿದ್ದರೆ ಗೊಬ್ಬರವನ್ನು ದೂರುವ ಮುಂಚೆ ದೀಪವನ್ನು ತಿರುಗಿಸಿ ನೋಡಬೇಕು. ಮರದ ಬುಡದಿಂದ ಮೇಲಕ್ಕೆ ಬೆಳಕು ಚೆಲ್ಲುವ ಅಲಂಕಾರ ಗೂಡಿನ ಹಕ್ಕಿಗಳ ನಿದ್ದೆ ಕೆಡಿಸುತ್ತದೆ, ಕರೆಂಟನ್ನು ಆಕಾಶಕ್ಕೆ ಕಳಿಸುತ್ತದೆ.

ಆಯುಷ್ಯ ಮುಗಿದ ಸಾಮಾನನ್ನು ತಿಪ್ಪೆಗೆ ಎಸೆಯಬಾರದು. ಹಳೆಯ ಸಿಎಫ್‌ಎಲ್‌ನಲ್ಲಿ ಪಾದರಸ ಇರುತ್ತದೆ, ದೊಡ್ಡ ಬ್ಯಾಟರಿಯಲ್ಲಿ ಸೀಸ ಮತ್ತು ಆಮ್ಲ. ತಿಪ್ಪೆಯ ಗೊಬ್ಬರ ಹೊಲಕ್ಕೇ ಹೋಗುವ ಊರುಗಳಲ್ಲಿ ಇವು ಬೆಳೆಯ ಬೇರಿನವರೆಗೂ ತಲುಪುತ್ತವೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಸೀಸದ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಒಯ್ದರೆ ಬೆಲೆಯಲ್ಲಿ ಒಂದಿಷ್ಟು ಕಡಿತವೂ ಸಿಗುತ್ತದೆ.